ಮುಗಿಯದ ಕೂಡಿಕೆಗೂ ಮೊತ್ತವಿದೆ

ಗುಂಜೋಟಿಯಿಂದ ಒಂದು ಬೈಕು, ಉದಗೀರದಿಂದ ಇನ್ನೊಂದು ಒಂದೇ ಹೊತ್ತಿಗೆ ಎದುರುಬದುರಾಗಿ ಹೊರಡುತ್ತವೆ. ಲೆಕ್ಕದ ಅನುಕೂಲಕ್ಕೆ ನಡುವಿನ ದೂರ 60 ಕಿ.ಮೀ., ಎರಡರ ವೇಗವೂ ಗಂಟೆಗೆ 30 ಕಿ.ಮೀ. ಎನ್ನೋಣ. ಗುಂಜೋಟಿಯ ಬೈಕಿನಿಂದ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಾರಿದ ಪಾರಿವಾಳ ಎದುರಿನ ಬೈಕನ್ನು ಮುಟ್ಟಿ ತಿರುಗುತ್ತದೆ, ಇತ್ತ ಬಂದು ಈ ಬೈಕನ್ನು ಮುಟ್ಟಿ ಮತ್ತೆ ತಿರುಗುತ್ತದೆ. ಬೈಕುಗಳು ಸಂಧಿಸುವ ಹೊತ್ತಿಗೆ ಅದು ಹಾರಿದ್ದು ಎಷ್ಟು ದೂರ?

ತಪ್ಪು ಕಲ್ಪನೆ: ಕೊನೆಯಿಲ್ಲದಷ್ಟು ಸಂಖ್ಯೆಗಳನ್ನು ಕೂಡಿದರೆ ಉತ್ತರವೂ ಅನಂತ.
ಸತ್ಯ: ಮೊದಲ ಹಾರಾಟ 40 ಕಿ.ಮೀ. ಆಗ ಬೈಕುಗಳ ನಡುವೆ ಉಳಿಯುವುದು 20 ಕಿ.ಮೀ., ಅಂದರೆ ಮೂರನೇ ಒಂದು ಪಾಲು. ಹಾಗಾಗಿ ಪ್ರತಿ ಹಾರಾಟವೂ ಹಿಂದಿನದರ ಮೂರನೇ ಒಂದು ಪಾಲು: 40 + 40/3 + 40/9 + … ಮೊದಲ ಪದವನ್ನು, 1ರಿಂದ ಅನುಪಾತವಾದ 1/3 ಕಳೆದು ಉಳಿದದ್ದರಿಂದ ಭಾಗಿಸಿದರೆ 40 ÷ (2/3) = 60 ಕಿ.ಮೀ. ತಿರುವುಗಳು ಲೆಕ್ಕವಿಲ್ಲದಷ್ಟು, ದೂರ ಮಾತ್ರ ಮಿತ.

ತಪ್ಪು ಕಲ್ಪನೆ: ಮೊತ್ತ 60ರ ಹತ್ತಿರ ಹೋಗುತ್ತದೆ, 60 ಆಗುವುದಿಲ್ಲ.
ಸತ್ಯ: ಎಲ್ಲಿ ನಿಲ್ಲಿಸಿದರೂ ಕೊರತೆ ಉಳಿಯುವುದು ನಿಜ: 20, 20/3, 20/9… ಆದರೆ ಅನಂತ ಶ್ರೇಢಿಯ ಮೊತ್ತವೆಂದರೆ ಹೀಗೆ ನಿಲ್ಲಿಸಿ ಸಿಗುವ ಯಾವುದೋ ಸಂಖ್ಯೆಯಲ್ಲ, ಕೊರತೆ ಸೊನ್ನೆಯತ್ತ ಸಾಗುವಾಗ ಆ ಕೂಡಿಕೆಗಳು ಗುರಿಯಿಟ್ಟ ಸಂಖ್ಯೆ. ಅದು ಸರಿಯಾಗಿ 60. 0.999… ಎಂಬುದು 1ಕ್ಕೆ ಸಮವಾಗುವುದೂ ಇದೇ ಕಾರಣಕ್ಕೆ.

ತಪ್ಪು ಕಲ್ಪನೆ: ಸುಲಭ ದಾರಿಯಿರುವಾಗ ಶ್ರೇಢಿ ವ್ಯರ್ಥ.
ಸತ್ಯ: ಬೈಕುಗಳು ಒಂದು ಗಂಟೆಯಲ್ಲಿ ಸಂಧಿಸುತ್ತವೆ, ಆದ್ದರಿಂದ ಪಾರಿವಾಳ ಹಾರಿದ್ದು 60 ಕಿ.ಮೀ. ಈ ಜಾಣತನ ಮೆಚ್ಚತಕ್ಕದ್ದೇ. ಆದರೆ ಅದು ಒಟ್ಟು ದೂರವನ್ನಷ್ಟೇ ಹೇಳುತ್ತದೆ. ಪಾರಿವಾಳ ಎಲ್ಲೆಲ್ಲಿ, ಯಾವಾಗ ತಿರುಗಿತು ಎಂಬುದನ್ನು ಶ್ರೇಢಿಯ ಪದಗಳೇ ತೋರಿಸಬೇಕು.

ತಪ್ಪು ಕಲ್ಪನೆ: ಪದಗಳು ಚಿಕ್ಕವಾಗುತ್ತಾ ಹೋದರೆ ಸಾಕು, ಮೊತ್ತ ಮಿತವಾಗಿರುತ್ತದೆ.
ಸತ್ಯ: 1 + 1/2 + 1/3 + 1/4 + … ನೋಡಿ. 1/3 ಮತ್ತು 1/4 ಸೇರಿ ಅರ್ಧಕ್ಕಿಂತ ಹೆಚ್ಚು. 1/5ರಿಂದ 1/8ರವರೆಗಿನ ನಾಲ್ಕೂ ಸೇರಿ ಮತ್ತೆ ಅರ್ಧಕ್ಕಿಂತ ಹೆಚ್ಚು. ಹೀಗೆ ಅರ್ಧಗಳು ಸೇರುತ್ತಲೇ ಹೋಗುವುದರಿಂದ ಈ ಮೊತ್ತಕ್ಕೆ ಎಲ್ಲೆಯಿಲ್ಲ. ಇದನ್ನು 14ನೆಯ ಶತಮಾನದಲ್ಲಿ ಫ್ರಾನ್ಸಿನ ಒರೆಮ್ ತೋರಿಸಿದ. ಪಾರಿವಾಳದ ಹಾರಾಟಗಳಂತೆ ಪ್ರತಿ ಪದವನ್ನೂ ಒಂದೇ ಅನುಪಾತದಿಂದ ಗುಣಿಸಿ ಮುಂದಿನದನ್ನು ಪಡೆಯುವ ಗುಣೋತ್ತರ ಶ್ರೇಢಿಯನ್ನು ಕಾಯುವುದು ಆ ಅನುಪಾತವೇ: ಚಿಹ್ನೆ ಬಿಟ್ಟು ನೋಡಿದಾಗ ಅದು 1ಕ್ಕಿಂತ ಕಡಿಮೆಯಿರಬೇಕು.

ತಪ್ಪು ಕಲ್ಪನೆ: ಇಂಥ ಗಣಿತಕ್ಕೂ ನಮ್ಮ ನೆಲಕ್ಕೂ ಸಂಬಂಧವಿಲ್ಲ.
ಸತ್ಯ: ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಗುಣೋತ್ತರ ಶ್ರೇಢಿಯ ಮೊತ್ತದ ಸೂತ್ರವಿದೆ. ಆ ಸೂತ್ರ ಪದಗಳ ಸಂಖ್ಯೆ ಗೊತ್ತಿರುವ ಶ್ರೇಢಿಗೆ. ಅನಂತ ಶ್ರೇಢಿಯ ಕೀರ್ತಿಯನ್ನೂ ಅವನಿಗೇ ಕಟ್ಟುವುದು ಇನ್ನೊಂದು ತಪ್ಪಾದೀತು. 1/4 + 1/16 + 1/64 + … = 1/3 ಎಂದು ವಿವರಿಸಿದವನು 1444ರಲ್ಲಿ ಹುಟ್ಟಿದ ಕೇರಳದ ನೀಲಕಂಠ ಸೋಮಯಾಜಿ. ಅದಕ್ಕೂ ಬಹಳ ಮೊದಲು, ಕ್ರಿ.ಪೂ. 3ನೆಯ ಶತಮಾನದಲ್ಲಿ, ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಇದೇ ಕಾಲು ಪಾಲಿನ ಅನುಪಾತದಿಂದ ಪರವಲಯ ಖಂಡದ ಕ್ಷೇತ್ರಫಲ ಕಂಡುಹಿಡಿದಿದ್ದ.

ಮಕ್ಕಳಿಗೆ ಈ ಒಗಟು ಹೇಳುವಾಗ ಎರಡೂ ದಾರಿಗಳಲ್ಲಿ ಬಿಡಿಸಲು ಹೇಳಿ. ಎರಡರಿಂದಲೂ 60 ಬಂದಾಗ, ಅನಂತವೆಂದರೆ ಅಳೆಯಲಾಗದ್ದು ಎಂಬ ಹೆದರಿಕೆ ತಾನಾಗಿ ಬಿಡುತ್ತದೆ.