ತೂಕದ ಯಂತ್ರಕ್ಕೆ ಕಾಣದ ಕೊಬ್ಬು

ಪುಣೆಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್ ಇಬ್ಬರೂ ಮಧುಮೇಹದ ಬಗ್ಗೆ ಸಂಶೋಧನೆ ಮಾಡಿದ ವೈದ್ಯರು. 2004ರಲ್ಲಿ ಇವರಿಬ್ಬರ ಫೋಟೋ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರ ಬಿಎಂಐ ಕೂಡ 22.3. ಆದರೆ ಮೈಯಲ್ಲಿದ್ದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2! ನೋಡಲು ತೆಳ್ಳಗೆ, ಒಳಗೆ ಕೊಬ್ಬು. ನಮ್ಮಲ್ಲಿ ಬಹಳ ಜನರ ಮೈಕಟ್ಟು ಹೀಗೆಯೇ ಇದೆ. ‘ಅಷ್ಟು ಸಣ್ಣಗಿದ್ದಾರೆ, ಅವರಿಗೆ ಹೇಗೆ ಸಕ್ಕರೆ ಕಾಯಿಲೆ ಬಂತು?’ ಎಂದು ಜನ ಕೇಳುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. 19ನೇ ಶತಮಾನದಲ್ಲಿ ಈ ಸೂತ್ರ ಕೊಟ್ಟ ಬೆಲ್ಜಿಯಂನ ಕೆಟ್ಲೆ ವೈದ್ಯನಲ್ಲ, ಗಣಿತಜ್ಞ. ಜನಸಮೂಹದ ಸರಾಸರಿ ಮೈಕಟ್ಟು ಹೇಗಿರುತ್ತದೆ ಎಂಬುದಷ್ಟೇ ಅವನ ಕುತೂಹಲ. ತೂಕದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಈ ಲೆಕ್ಕ ಹೇಳುವುದಿಲ್ಲ. ಕೊಬ್ಬು ಎಲ್ಲಿ ಕೂತಿದೆ ಎಂಬುದಂತೂ ಅದಕ್ಕೆ ತಿಳಿಯುವುದೇ ಇಲ್ಲ.

ಮುಖ್ಯವಾದದ್ದು ಅದೇ. ತೊಡೆ, ಸೊಂಟದ ಕೆಳಭಾಗದಲ್ಲಿ ಚರ್ಮದಡಿ ಸೇರುವ ಕೊಬ್ಬು ಅಷ್ಟಾಗಿ ಕಾಟ ಕೊಡುವುದಿಲ್ಲ. ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರುವ ಕೊಬ್ಬು ಸುಮ್ಮನೆ ಕೂರುವುದಿಲ್ಲ. ಅದರಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳು ರಕ್ತದೊಂದಿಗೆ ನೇರ ಯಕೃತ್ತಿಗೆ ಹೋಗುತ್ತವೆ. ಅಲ್ಲೂ ಕೊಬ್ಬು ಕಟ್ಟಿಕೊಳ್ಳುತ್ತದೆ, ಇನ್ಸುಲಿನ್ ಮಾತು ನಡೆಯದಂತಾಗುತ್ತದೆ, ಸಕ್ಕರೆ ಏರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಕೊಬ್ಬು ಹೊಟ್ಟೆಯ ಕಡೆ ಸರಿಯುತ್ತದೆ. ಕೊಬ್ಬು ಕೂರುವ ಜಾಗಕ್ಕೂ ಕಾಯಿಲೆಗೂ ಇರುವ ಈ ನಂಟನ್ನು ಫ್ರಾನ್ಸಿನ ವೈದ್ಯ ಜೀನ್ ವಾಗ್ 1947ರಲ್ಲೇ ಗುರುತಿಸಿದ್ದರು.

ಹೊಟ್ಟೆಯೊಳಗಿನ ಕೊಬ್ಬನ್ನು ಅಂದಾಜು ಮಾಡಲು ದರ್ಜಿಯ ಟೇಪು ಸಾಕು. ಪ್ಯಾಂಟಿನ ಸೈಜನ್ನು ಮಾತ್ರ ನಂಬಬೇಡಿ. ಹೊಟ್ಟೆ ಬಂದ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುತ್ತಾರೆ. ಹೊಟ್ಟೆ ಬೆಳೆದರೂ ಸೈಜು 34 ಆಗಿಯೇ ಉಳಿಯುತ್ತದೆ. ಪಕ್ಕೆಲುಬಿನ ಕೊನೆಯ ಮೂಳೆ, ಸೊಂಟದ ಮೂಳೆಯ ಮೇಲಂಚು, ಇವೆರಡನ್ನೂ ಬೆರಳಿನಿಂದ ಒತ್ತಿ ಗುರುತಿಸಿ. ನಡುಮಧ್ಯದಲ್ಲಿ, ಬರಿಮೈ ಮೇಲೆ ಟೇಪು ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ.

ಈ ಸುತ್ತಳತೆ ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಎಂಬುದು ಇಲ್ಲಿನ ತಜ್ಞರು ಒಪ್ಪಿದ ಮಿತಿ. ನನಗೆ ಇದಕ್ಕಿಂತ ಹಿಡಿಸುವುದು ಇನ್ನೊಂದು ಲೆಕ್ಕ: ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 160 ಸೆಂ.ಮೀ. ಎತ್ತರದ ಗಂಡಸಿನ ಸುತ್ತಳತೆ 86 ಇದ್ದರೆ ಮೊದಲ ಲೆಕ್ಕದಲ್ಲಿ ಪಾಸು, ಇದರಲ್ಲಿ ಫೇಲು. ಕುಳ್ಳಗಿರುವವರನ್ನು ಇದು ಸರಿಯಾಗಿ ಎಚ್ಚರಿಸುತ್ತದೆ. ಸೊಂಟ–ನಿತಂಬದ ಅನುಪಾತವೂ ಹೃದಯದ ಅಪಾಯವನ್ನು ಚೆನ್ನಾಗಿಯೇ ಸೂಚಿಸುತ್ತದೆ. ಆದರೆ ಮೈ ಇಳಿದಾಗ ಎರಡೂ ಅಳತೆ ಒಟ್ಟಿಗೇ ಇಳಿದು ಅನುಪಾತ ಅಲ್ಲೇ ನಿಂತಿರಬಹುದು.

ಗರ್ಭಿಣಿಯರಿಗೆ ಈ ಅಳತೆ ಹೊಂದುವುದಿಲ್ಲ. ಮಿತಿ ದಾಟಿದ್ದರೆ ಕಾಯಿಲೆ ಬಂದೇಬಿಟ್ಟಿದೆ ಎಂದಲ್ಲ. ರಕ್ತದ ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರ್ಥ. ಇನ್ನು, ಕೆಲವು ತಿಂಗಳು ಬಿರುಸಾಗಿ ನಡೆದರೂ ತೂಕ ಇಳಿಯಲಿಲ್ಲವೆಂದು ಕೈಬಿಡುವವರು ಬಹಳ. ಬಿಡುವ ಮೊದಲು ಟೇಪು ಹಿಡಿದು ನೋಡಲಿ. ತೂಕ ಕದಲದೆಯೂ ಹೊಟ್ಟೆಯೊಳಗಿನ ಕೊಬ್ಬು ಕರಗಿರುವುದುಂಟು.