ಕರುವಿನ ಮುಂದೆ ಕಾಗುಣಿತ

ಹೊರನಾಡಿನಲ್ಲಿ ಮನೆಮಾಡಿರುವ ನಮ್ಮಂಥವರ ಮಕ್ಕಳಿಗೆ ಕನ್ನಡ ಬಾರದೆಂದಲ್ಲ. ಊಟಕ್ಕೆ ಕರೆದರೆ ಕನ್ನಡದಲ್ಲಿಯೇ ಓಗೊಡುತ್ತಾರೆ, ಜಗಳವಾಡುವುದೂ ಕನ್ನಡದಲ್ಲಿಯೇ. ಆದರೆ ಪುಸ್ತಕವೊಂದನ್ನು ಕೈಗಿತ್ತು ‘ಓದು ನೋಡೋಣ’ ಎಂದೊಡನೆ ಮೋರೆ ಬಾಡುತ್ತದೆ, ಬಾಯಾರುತ್ತದೆ, ಎಲ್ಲಿಲ್ಲದ ಹೋಂವರ್ಕು ನೆನಪಾಗುತ್ತದೆ. ಪುಣೆಯ ನಮ್ಮ ಮನೆಯಲ್ಲಿಯೂ ಇದೇ ಕಥೆ. ಮಗಳಿಗೆ ಆಗ ಒಂಬತ್ತು ವರ್ಷ. ಅಕ್ಷರಗಳು ಬರುತ್ತಿದ್ದವು, ಧೈರ್ಯ ಬರುತ್ತಿರಲಿಲ್ಲ.

ಅವಳ ತೊಡಕು ಸುಳ್ಳಲ್ಲ. ಮರಾಠಿ, ಹಿಂದಿ ಕಲಿತ ಕಣ್ಣಿಗೆ ದೇವನಾಗರಿಯೇ ರೂಢಿ. ಅಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗಿ ನಿಂತು, ಎರಡನೆಯದು ಪೂರ್ತಿಯಾಗಿ ಅದರ ಪಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಮೊದಲನೆಯದು ಪೂರ್ತಿಯಾಗಿ ನಿಂತು, ಎರಡನೆಯದು ಅದರ ಕಾಲಡಿಗೆ ಇಳಿಯುತ್ತದೆ. ‘ಸೂರ್ಯ’ದ ಅರ್ಕಾವೊತ್ತಂತೂ ದೊಡ್ಡ ಮೋಸ: ಉಚ್ಚಾರದಲ್ಲಿ ಮುಂದೆ ಬರುವ ರಕಾರ ಬರೆಹದಲ್ಲಿ ಹಿಂದೆ ನಿಂತಿರುತ್ತದೆ. ಎ ಏ, ಒ ಓಗಳ ಭೇದ ಮರಾಠಿಯ ಬರೆಹದಲ್ಲಿಲ್ಲ. ಇನ್ನು ಪ, ಷ, ವ, ಮಗಳು ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಇಷ್ಟರ ನಡುವೆ ಅವಳು ತಡವರಿಸಿದಾಗಲೆಲ್ಲ ನಾವು ತಿದ್ದುತ್ತಿದ್ದೆವು. ಒಂದು ಸಾಲಿಗೆ ನಾಲ್ಕು ಸಲ ತಿದ್ದಿದರೆ ಕಥೆ ಎಲ್ಲಿ ಉಳಿದೀತು!

2023ರ ಮೇ ತಿಂಗಳಲ್ಲಿ ಶಿರಸಿಯ ಹತ್ತಿರದ ನಮ್ಮ ಊರಿಗೆ ಹೋದೆವು. ಮೊದಲ ಸಂಜೆಯೇ ಜಗಲಿಯ ಮೇಲೆ, ಓರಗೆಯ ಮಕ್ಕಳ ಎದುರಿಗೆ, ಅವಳಿಂದ ಓದಿಸಹೊರಟದ್ದು ನಮ್ಮ ತಪ್ಪು. ಅಕ್ಕ ‘ಅಕ’ ಆದಳು, ಅಜ್ಜಿ ‘ಅಜಿ’ ಆದಳು. ಮಕ್ಕಳು ಗೊಳ್ಳೆಂದು ನಕ್ಕರು. ಅವಳು ಪುಸ್ತಕ ಮುಚ್ಚಿ, ‘ಇನ್ನು ಮೇಲೆ ಕನ್ನಡ ಓದುವುದೇ ಇಲ್ಲ’ ಎಂದಳು. ಆ ಮಾತನ್ನು ಮರಾಠಿಯಲ್ಲಿ ಹೇಳಿದಳು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಮನೆಯ ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡದ ಹಸುವೊಂದು, ಅದಕ್ಕೆ ಎರಡು ತಿಂಗಳ ಕರು. ಗಿಡ್ಡ ಎಂಬ ಹೆಸರಿಗೆ ತಕ್ಕಂತೆ ಅದರ ಎತ್ತರ ಮೂರಡಿಯ ಆಸುಪಾಸು. ಒಂಬತ್ತು ವರ್ಷದ ಮಗುವಿಗೆ ಹೆದರಿಕೆ ಹುಟ್ಟಿಸುವ ಪ್ರಾಣಿಯಲ್ಲ. ನಮ್ಮ ತಾಯಿಯವರು ಮೊಮ್ಮಗಳನ್ನು ಕರೆದು, ‘ಕರುವಿಗೆ ಒಬ್ಬನೇ ಇದ್ದು ಬೇಸರ ತಂಗೀ, ಸ್ವಲ್ಪ ಹೊತ್ತು ಮಾತಾಡಿಸು’ ಎಂದರು. ಎರಡು ದಿನಕ್ಕೆ ಮಾತೆಲ್ಲ ಮುಗಿದುಹೋಯಿತು. ಮೂರನೆಯ ದಿನ ಅವಳು ತಾನಾಗಿಯೇ ಪುಸ್ತಕವನ್ನೊಯ್ದಳು.

ಸೆಗಣಿ ಬಾಚಲು ಹೋದ ತಾಯಿಯವರು ಬಾಗಿಲಲ್ಲಿಯೇ ನಿಂತು, ಬರಬೇಡಿರೆಂದು ನಮಗೆ ಸನ್ನೆಮಾಡಿದರು. ಗೋಡೆಯಾಚೆ ನಿಂತು ಕೇಳಿದೆವು. ಮಗು ಒಂದು ಶಬ್ದದ ಮುಂದೆ ಮುಗ್ಗರಿಸಿತು. ತಡೆಯಿತು. ಮತ್ತೆ ಹಿಂದಕ್ಕೆ ಹೋಗಿ ಬಿಡಿಬಿಡಿಯಾಗಿ ಕೂಡಿಸಿತು. ಮೂರನೆಯ ಸಲಕ್ಕೆ ಶಬ್ದ ಬಂತು. ತನ್ನನ್ನು ತಾನೇ ತಿದ್ದಿಕೊಳ್ಳುವಷ್ಟು ಹೊತ್ತನ್ನು ನಾವು ಒಂದು ದಿನವೂ ಅವಳಿಗೆ ಕೊಟ್ಟಿರಲಿಲ್ಲ. ಹಸು ಕೊಟ್ಟಿತು. ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುವ ಪ್ರಾಣಿಗೆ ಅವಸರವೆಲ್ಲಿಯದು? ಕರು ನಡುನಡುವೆ ಅವಳ ಮೊಣಕೈ ನೆಕ್ಕುತ್ತಿತ್ತು. ಮೂರು ವಾರ ಕಳೆಯುವುದರೊಳಗೆ ಅವಳು ಗೋವಿನ ಹಾಡನ್ನೇ ಓದಿದಳು. ಹುಲಿ ಬರುವಲ್ಲಿ ಕರು ಅಂಜೀತೆಂದು ದನಿ ತಗ್ಗಿಸಿದಳಂತೆ! ಅರ್ಥ ತಿಳಿದು ಓದುತ್ತಿದ್ದಾಳೆ ಎಂಬುದಕ್ಕೆ ನಮಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ.

ಇದು ನಮ್ಮೊಬ್ಬರದೇ ಹುಚ್ಚಲ್ಲವೆಂದು ಆಮೇಲೆ ತಿಳಿಯಿತು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿಯೇ, ಓದಲು ಅಂಜುವ ಮಕ್ಕಳನ್ನು ಪಳಗಿದ ನಾಯಿಗಳ ಪಕ್ಕದಲ್ಲಿ ಕೂಡಿಸಿ ಗಟ್ಟಿಯಾಗಿ ಓದಿಸುವ ಪದ್ಧತಿ ಆರಂಭವಾಗಿ, ಅನೇಕ ದೇಶಗಳಿಗೆ ಹಬ್ಬಿದೆ. ದನಗಳ ವಿಷಯವಾಗಿ ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದವರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು: ಎಳೆಯ ಹಸುಗಳ ಮೈದಡವುತ್ತ ಎದುರಿಗೇ ಮೆಲ್ಲನೆ ಮಾತಾಡಿದರೆ, ಧ್ವನಿವರ್ಧಕದಿಂದ ಅದೇ ಮಾತು ಕೇಳಿಸುವುದಕ್ಕಿಂತ ಅವು ಹೆಚ್ಚು ನೆಮ್ಮದಿಯಿಂದಿರುತ್ತವೆಂದು ಅದರ ಸಾರ. ಓದುವವರಿಗೂ ಕೇಳುವವರಿಗೂ ಲಾಭವೆಂದಾಯಿತು.

ಹಾಗೆಂದು ಹಸು ಅಕ್ಷರ ಕಲಿಸದು. ಕಾಗುಣಿತ, ಒತ್ತು ತಿದ್ದಿಸುವ ಕೆಲಸ ತಾಯಿತಂದೆಗಳದೇ; ಅದು ಮನೆಯಲ್ಲಿ ಮೊದಲೇ ಆಗಿರಬೇಕು. ಹೊಸದಾಗಿ ಈದ ಹಸು ಕರುವಿನ ಬಳಿ ಬಂದವರನ್ನು ಹಾಯುವುದುಂಟು. ಆದುದರಿಂದ ದೊಡ್ಡವರು ಕೂಗಳತೆಯಲ್ಲಿರಬೇಕು, ಮಗು ದನದ ಹಿಂಗಾಲಿನ ಕಡೆ ಕೂಡಬಾರದು, ಎದ್ದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಆಡಿನ ಮುಂದೆ ಮಾತ್ರ ಓದಿಸಬೇಡಿ. ನೆರೆಮನೆಯ ಆಡೊಂದು ನಮ್ಮ ಪುಸ್ತಕದ ರಟ್ಟನ್ನೂ ಕೊನೆಯ ಎರಡು ಪುಟಗಳನ್ನೂ ಬಲು ಆಸ್ಥೆಯಿಂದ ತಿಂದುಹಾಕಿತು.

ಊರಿಗೆ ಹೋಗುವ ಅನುಕೂಲ ಎಲ್ಲರಿಗೂ ಇರದು. ಮುಂಬಯಿಯವರಿಗೆ ಭೂಲೇಶ್ವರದ ಪಾಂಜರಾಪೋಳವಿದೆ. 1834ರಲ್ಲಿ ಸ್ಥಾಪನೆಯಾದ ಅದರಲ್ಲಿ ಪೇಟೆಯ ನಟ್ಟನಡುವೆಯೇ ಹಸುಕರುಗಳಿವೆ. ಬೇರೆ ನಗರಗಳಲ್ಲಿಯೂ ಗೋಶಾಲೆಗಳುಂಟು. ನೋಡಿಕೊಳ್ಳುವವರ ಒಪ್ಪಿಗೆ ಕೇಳಿ, ಭಾನುವಾರದ ಒಂದು ಗಂಟೆಗೆ ಚಿಕ್ಕ ಕಥೆಪುಸ್ತಕವೊಂದನ್ನು ಒಯ್ಯಬಹುದು. ತಾಯಂದಿರು ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ಕೂಡಲಿ; ಕಷ್ಟ, ಆದರೂ ಕೂಡಲಿ.

ಆ ವರ್ಷದ ದೀಪಾವಳಿಗೆ ನಮಗೆ ರಜೆ ಸಿಗಲಿಲ್ಲ. ಗೋಪೂಜೆಯ ದಿನ ಕೊರಳಿಗೆ ಅಡಕೆಯ ಸರ ಕಟ್ಟಿಸಿಕೊಂಡು ನಿಂತ ಹಸುವಿನ ಕಿವಿಗೆ ತಾಯಿಯವರು ಮೊಬೈಲು ಹಿಡಿದರು. ಪುಣೆಯಿಂದ ಮಗಳು ಓದಿದಳು. ವಿಯೆನ್ನಾದವರ ಮಾತು ನಿಜವಿರಬೇಕು, ಹಸು ಕಿವಿ ಕೊಡವಿ ಹುಲ್ಲಿನ ಕಡೆಗೆ ತಿರುಗಿತಂತೆ. ‘ಅದು ಕೇಳುತ್ತಿಲ್ಲ ತಂಗೀ’ ಎಂದರು ತಾಯಿಯವರು. ಮಗಳು ಪುಸ್ತಕ ಮುಚ್ಚಲಿಲ್ಲ. ‘ಹಾಗಾದರೆ ನೀನು ಕೇಳು ಅಜ್ಜೀ’ ಎಂದು ಮುಂದಿನ ಪುಟಕ್ಕೆ ಹೋದಳು.