ಹಳೆಯ ಜಾವಾದ ತಂತಿಗಳು
(ಬಾನುಲಿ ಭಾಷಣ)

ಕನ್ನಡ ಅಧ್ಯಾಪಕನೊಬ್ಬ ಮೋಟಾರು ಸೈಕಲ್ಲಿನ ತಂತಿಗಳನ್ನು ಕುರಿತು ಮಾತನಾಡಲು ಹೊರಟನೇ ಎಂದು ತಾವು ಹುಬ್ಬೇರಿಸಬಹುದು. ಹಸ್ತಪ್ರತಿಗಳಲ್ಲಿ ಲಿಪಿಕಾರರ ತಪ್ಪುಗಳನ್ನು ಹುಡುಕುತ್ತ ಆಯುಷ್ಯ ಕಳೆದವನಿಗೆ ಈ ವಿದ್ಯೆಯೂ ತೀರ ಪರಕೀಯವಲ್ಲವೆಂಬುದು ನನಗೆ ತಡವಾಗಿ ತಿಳಿಯಿತು. ಅಲ್ಲಿಯಂತೆ ಇಲ್ಲಿಯೂ ತಪ್ಪು ಕಾಣಿಸಿಕೊಳ್ಳುವ ಸ್ಥಳ ಒಂದು, ಹುಟ್ಟಿದ ಸ್ಥಳ ಇನ್ನೊಂದು.

ನಮ್ಮ ತೀರ್ಥರೂಪರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದರು. 1968ರಲ್ಲಿ ಅವರು ಕೊಂಡ ಜಾವಾ ಈಗ ರಾಣೆಬೆನ್ನೂರಿನಲ್ಲಿ ನನ್ನ ಮನೆಯ ಪಡಸಾಲೆಯಲ್ಲಿದೆ. ಹೆಸರು ಚೆಕೊಸ್ಲೊವಾಕಿಯಾದ್ದಾದರೂ ಅದರ ಹುಟ್ಟೂರು ಮೈಸೂರು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಈ ವಾಹನಗಳು ತಯಾರಾದವು. ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಪೇಟೆಗೆ ಬಂದಿತಾದರೂ ಅದು ಬೇರೆಯೇ ಯಂತ್ರ. ಆದ್ದರಿಂದ ಹಳೆಯ ಜಾವಾ ಉಳಿಯಬೇಕಾದರೆ ಇಟ್ಟುಕೊಂಡವರೇ ಅದನ್ನು ಬಲ್ಲವರಾಗಬೇಕು.

ಕೆಲವು ವರ್ಷಗಳ ಹಿಂದೆ ಈ ಗಾಡಿಯನ್ನು ಪೂರ್ತಿ ಬಿಚ್ಚಿಸಿ ಹೊಸ ಬಣ್ಣ ಹೊಡೆಸಿದೆ. ಮದುವಣಗಿತ್ತಿಯಂತೆ ಕಾಣುತ್ತಿತ್ತು. ಒಂದು ಸಂಜೆ ಮೊಮ್ಮಗನನ್ನು ಹಿಂದೆ ಕೂಡಿಸಿಕೊಂಡು ಹಾವೇರಿಯಿಂದ ಹೊರಟವನು ಮೋಟೆಬೆನ್ನೂರಿನ ಬಳಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ದಾರಿ ಹಿಡಿದೆ. ಕತ್ತಲಾಗಿತ್ತು. ಮುಂದಿನ ದೀಪ ಎಣ್ಣೆ ತೀರಿದ ಹಣತೆಯಂತೆ ಮಂಕಾಯಿತು. ಎದುರಿಗೆ ಕಣಿಕೆ ಹೇರಿಕೊಂಡು ನಿಂತಿದ್ದ ಚಕ್ಕಡಿ ನನ್ನ ಕಣ್ಣಿಗೆ ಬಿದ್ದಾಗ ನಡುವೆ ಉಳಿದದ್ದು ಎರಡು ಮಾರು ದೂರ. ಗಾಡಿ ಹೇಗೋ ನಿಂತಿತು. ಮೊಮ್ಮಗ ನನ್ನ ಅಂಗಿಯನ್ನು ಹಿಡಿದ ಹಿಡಿತವನ್ನು ಮನೆ ಮುಟ್ಟುವ ತನಕ ಬಿಡಲಿಲ್ಲ.

ಮರುದಿನ ಹೊಸ ಬಲ್ಬು ಕೊಂಡೆ, ಹೊಸ ಬ್ಯಾಟರಿ ಕೊಂಡೆ. ದೀಪ ಹಾಗೆಯೇ ಇತ್ತು. ಕೊನೆಗೆ ರಾಣೆಬೆನ್ನೂರಿನ ವೃದ್ಧ ಮಿಸ್ತ್ರಿಯೊಬ್ಬರಿಗೆ ತೋರಿಸಿದೆ. ಅವರು ನೋಡಿ, “ಬಲ್ಬಿಗೆ ಏನೂ ಆಗಿಲ್ರಿ ಸರ. ಅದಕ್ಕ ಉಣ್ಣಾಕ ಸಿಗವಲ್ದು, ಅಷ್ಟ” ಎಂದರು.

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಅಂದಿನ ಜಾವಾದ ವಿದ್ಯುತ್ತು 6 ವೋಲ್ಟಿನದು. ಇಂದಿನ ವಾಹನಗಳದು 12. ದೀಪ 35 ವಾಟಿನದೆಂದು ಇಟ್ಟುಕೊಳ್ಳಿ. 12 ವೋಲ್ಟಿನಲ್ಲಿ ಅದಕ್ಕೆ ಸುಮಾರು 3 ಆಂಪಿಯರ್ ಸಾಕು. 6 ವೋಲ್ಟಿನಲ್ಲಿ ಸುಮಾರು 6 ಬೇಕು. ದಾರಿಯ ಕೀಲುಗಳಲ್ಲಿ ಎಲ್ಲಿಯಾದರೂ ಕಾಲು ಓಮಿನಷ್ಟು ತಡೆ ಹುಟ್ಟಿದರೂ ಒಂದು ವೋಲ್ಟಿಗಿಂತ ಹೆಚ್ಚು ಅಲ್ಲಿಯೇ ಸೋರಿಹೋಗುತ್ತದೆ. ಆರರಲ್ಲಿ ಒಂದು ಹೋದರೆ ಬೆಳಕಿನಲ್ಲಿಯೂ ಆರನೆಯ ಒಂದು ಪಾಲು ಹೋಗುತ್ತದೆಂದು ತಿಳಿಯಬಾರದು. ಬಲ್ಬಿನೊಳಗಿನ ಎಳೆಯ ಕಾವು ಇಳಿಯುವುದರಿಂದ ಹೆಚ್ಚು ಕಡಿಮೆ ಅರ್ಧದಷ್ಟು ಬೆಳಕೇ ಹೋಗುತ್ತದೆ.

ತಡೆ ಹುಟ್ಟುವುದು ಹೇಗೆ? ತಂತಿಗೂ ಮುಪ್ಪು ಬರುತ್ತದೆ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ್ಯ ವರ್ಷಗಳು ಕಳೆದಂತೆ ಆರುತ್ತದೆ; ನಮ್ಮ ಸೀಮೆಯ ಬೇಸಿಗೆಯಲ್ಲಿ ಬೇಗನೆ ಆರುತ್ತದೆ. ಹೊದಿಕೆ ಬಿರುಸಾಗಿ ಸೀಳುತ್ತದೆ. ಸೀಳಿನಲ್ಲಿ ಮಳೆಗಾಲದ ತೇವ ಹೊಕ್ಕು ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಹ್ಯಾಂಡಲು ತಿರುಗುವ ಕಡೆ ತಂತಿ ಬಾಗಿ ಬಾಗಿ ಒಳಗಿನ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಹೊರಗಿನಿಂದ ನೋಡಿದರೆ ತಂತಿ ಇಡಿಯಾಗಿದೆ. ಒಳಗೆ ಮೂರೋ ನಾಲ್ಕೋ ಎಳೆ ಉಳಿದಿವೆ.

ನನ್ನ ಗಾಡಿಯಲ್ಲಿ ಇದರ ಮೇಲೆ ಇನ್ನೊಂದು ದೋಷವಿತ್ತು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ದೀಪಕ್ಕೆ ಹೋಗುವುದು ತಂತಿಯಲ್ಲಿ. ಹಿಂದಿರುಗುವುದು ಗಾಡಿಯ ಕಬ್ಬಿಣದ ಮೈಯಲ್ಲಿ. ಆ ಮೈಗೆ ನಾನು ದಪ್ಪನಾಗಿ ಬಣ್ಣ ಬಳಿಸಿದ್ದೆನಷ್ಟೆ! ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ಮಿಸ್ತ್ರಿ ಒಂದು ಬೋಲ್ಟು ಸಡಿಲಿಸಿ, ಅದರ ಕೆಳಗಿನ ಬಣ್ಣವನ್ನು ರೂಪಾಯಿ ಅಗಲ ಕೆರೆದು, ಮತ್ತೆ ಬಿಗಿದರು. ದೀಪ ಮುಕ್ಕಾಲು ಪಾಲು ಚೇತರಿಸಿತು. ನನ್ನ ಶೃಂಗಾರವೇ ನನಗೆ ಮುಳುವಾಗಿತ್ತು.

ಉಳಿದ ಕಾಲು ಪಾಲಿಗಾಗಿ ತಂತಿಗಳನ್ನೆಲ್ಲ ಬದಲಿಸಿದೆವು. ಅಲ್ಲಲ್ಲಿ ಟೇಪು ಸುತ್ತಿ ಸಾಗಿಸಬಹುದಿತ್ತಲ್ಲ ಎಂದು ಕೇಳಿದ್ದೆ. ಬಿರುಸಾದ ತಂತಿಯನ್ನು ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಸೀಳುತ್ತದೆ. ಬರಿಯ ತಾಮ್ರ ಕಬ್ಬಿಣಕ್ಕೆ ತಾಗಿದರೆ ತಂತಿ ಕೆಂಪಗೆ ಕಾಯುತ್ತದೆ, ಅದರ ಮೇಲೆಯೇ ಪೆಟ್ರೋಲು ಟ್ಯಾಂಕು ಇದೆ. ಫ್ಯೂಸು ಇರುವುದು ಈ ಅನಾಹುತ ತಡೆಯಲೆಂದು. ಅದು ಸುಟ್ಟಾಗ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಸುತ್ತುವವರು ಕಾವಲುಗಾರನನ್ನು ಮಲಗಿಸಿ ಬಾಗಿಲು ತೆರೆದಿಟ್ಟವರೇ ಸರಿ.

ಕೆಲಸದ ಕ್ರಮ ಹೀಗೆ. ದೀಪ ಹೊತ್ತಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯಿಂದ ತಂತಿ ಹೊರಡುವ ತುದಿಗೂ ಇನ್ನೊಂದನ್ನು ಆ ತಂತಿ ಬಲ್ಬನ್ನು ಮುಟ್ಟುವ ತುದಿಗೂ ಹಿಡಿಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ನಡುವೆ ಸೋರಿಕೆಯಿದೆ. ಹಿಂದಿರುಗುವ ದಾರಿಯನ್ನೂ ಹೀಗೆಯೇ ಅಳೆಯಬೇಕು. ಆಮೇಲೆ ಬ್ಯಾಟರಿ ಕಳಚಿ, ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ ಎಂಬುದನ್ನು ಕಾಗದದ ಮೇಲೆ ಬರೆದುಕೊಂಡೇ ಹಳೆಯದನ್ನು ಬಿಚ್ಚಬೇಕು. ಹೊಸ ತಂತಿ ಹಳೆಯದಕ್ಕಿಂತ ತೆಳ್ಳಗಿರಬಾರದು. ತಗಡಿನ ತೂತಿನಲ್ಲಿ ತಂತಿ ನುಸುಳುವಲ್ಲಿ ರಬ್ಬರಿನ ಬಳೆ ಇರಬೇಕು. ಹ್ಯಾಂಡಲಿನ ಬಳಿ ತುಸು ಸಡಿಲು ಬಿಡಬೇಕು.

ಹಳೆಯ ತಂತಿಗಳನ್ನು ಬಿಚ್ಚುವಾಗ ತೀರ್ಥರೂಪರ ಕಾಲದ ಹಲವು ಗಂಟುಗಳು ಸಿಕ್ಕವು. ಹಾಕಿದವರು ಯಾರು, ಏಕೆ ಹಾಕಿದರು ಎಂಬುದಕ್ಕೆ ಒಂದು ಸಾಲಿನ ಬರಹವೂ ಇರಲಿಲ್ಲ. ಎರಡು ದಿನಗಳು ಅವುಗಳ ಅರ್ಥ ಹುಡುಕುವುದರಲ್ಲಿಯೇ ಹೋದವು. ಈಗ ನಮ್ಮ ನಕ್ಷೆಯನ್ನು ಮೊಮ್ಮಗ ದುಂಡಗಿನ ಅಕ್ಷರಗಳಲ್ಲಿ ಬರೆದು, ದಿನಾಂಕ ಹಾಕಿ, ಪಾನಗಳ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ಮುಂದೆ ಬಿಚ್ಚುವವನು ಅವನೇ ಆಗಿರಬಹುದು. ಅವನ ಕೈಗೆ ಒಂದು ಓದಬಲ್ಲ ಪ್ರತಿಯಾದರೂ ಸಿಗಲಿ.